ಪಲ್ಲಕ್ಕಿ ಅಂತ ಚೀಟಿ ಅಂಟಿಸಿದ್ದ ತುಂಡು

ನಮ್ಮ ಸೋದರಮಾವ ಗಂಗಾಧರಸ್ವಾಮಿ ಸಿನಿಮಾ ಕ್ಯಾಮೆರಾ ಕಲಿತಿದ್ದು ರಾಗಿ ಬೀಸೋ ಕಲ್ಲಿನ ಮೇಲೆ. ನಮ್ಮ ಕಾಲೇಜಲ್ಲಿ ಹೇಳಿದ್ರೆ ಒಬ್ರೂ ನಂಬಲ್ಲ, ಆದ್ರೆ ನಾನೇ ಕಣ್ಣಾರೆ ನೋಡಿದೀನಿ. ಸಾವಿರದ ಒಂಬೈನೂರ ಇಪ್ಪತ್ತೇಳು, ನಂಜನಗೂಡಲ್ಲಿ ನಮ್ಮ ತಾತನ ಮನೆ, ಇಪ್ಪತ್ತೆರಡು ವರ್ಷದ ಗಂಡಸು ಪಂಚೆ ಎತ್ತಿ ಕಟ್ಕೊಂಡು ಒಂದು ತಿಂಗಳು ದಿನಾ ಬೀಸೋನು. ಸೆಕೆಂಡಿಗೆ ಎರಡು ಸುತ್ತು, ಹೆಚ್ಚೂ ಇಲ್ಲ ಕಮ್ಮೀನೂ ಇಲ್ಲ. ಯಾಕಂದ್ರೆ ಕ್ಯಾಮೆರಾಕ್ಕೂ ಒಂದು ಹಿಡಿ ಇದೆ, ಅದನ್ನ ಕೈಯಲ್ಲೇ ತಿರುಗಿಸ್ಬೇಕು, ಕೈ ಅವಸರ ಮಾಡಿದ್ರೆ ತೆರೆ ಮೇಲೆ ಜನ ತೆವಳ್ತಾರೆ, ಕೈ ಸೋತ್ರೆ ಇಲಿ ಥರ ಓಡ್ತಾರೆ. ತಾಳ ತಪ್ಪಬಾರದು ಅಂತ ಮಾವ ಮನಸಲ್ಲೇ ಓಂ ನಮಃ ಶಿವಾಯ ಅಂತಾ ಇರೋನು.

ಪಕ್ಕದ ಮನೆ ಕೆಂಪಾಜಮ್ಮ ಗೋಡೆ ಮೇಲಿಂದ ಇಣುಕಿ, "ಮಲ್ಲಾಜಮ್ಮ, ಮಗನೇ ಬೀಸ್ತಾವ್ನೆ, ಇನ್ನ ಸೊಸೆ ಯಾಕವ್ವ ನಿಂಗೆ?" ಅಂತಿದ್ರು.

"ಇಟ್ಟು ನುಣ್ಣಗಾಯ್ತದೆ. ನಿಂಗೂ ಬೇಕಾರೆ ಕಳಿಸ್ತೀನಿ ಇರು," ಅನ್ನೋರು ನಮ್ಮಜ್ಜಿ.

ಕಲಿಸ್ತಿದ್ದೋರು ಮದ್ರಾಸ್ ಕಡೆಯೋರು. ಟೆಂಟ್ ಹಾಕಿ ಊರೂರಲ್ಲಿ ಸಿನಿಮಾ ತೋರಿಸೋರು, ಎಲ್ಲರೂ ಅವರನ್ನ ಮೇಸ್ತ್ರಿ ಅಂತಲೇ ಕರೀತಿದ್ರು. ಆ ವರ್ಷ ಅವರ ಐಡಿಯಾ ಏನಂದ್ರೆ, ನಂಜನಗೂಡು ನರಸೀಪುರದ ಜನರನ್ನೇ ಫಿಲಂನಲ್ಲಿ ಹಿಡಿದು ಅವರಿಗೇ ತೋರಿಸೋದು. ಆ ಫಿಲಂ ಜೋಡಿಸೋ ಕೆಲಸ ಮಾವನ ಪರೀಕ್ಷೆ.

ಮಾವ ಮೊದಲು ಹಿಡಿಯಬೇಕು ಅಂತ ಆಸೆಪಟ್ಟಿದ್ದು ತಾತನ್ನ. ತಾತ ದೊಡ್ಡಸಿದ್ದಯ್ಯ ಬೆಲ್ಲದ ಮಂಡಿ ಇಟ್ಟಿದ್ರು, ಊರಲ್ಲಿ ಯಾರಿಗೂ ಹೆದರ್ತಿರಲಿಲ್ಲ, ಹೆದರ್ತಿದ್ದಿದ್ದು ಇದೊಂದಕ್ಕೇ.

"ನಮ್ಮಣ್ಣ ಮೈಸೂರ್ನಲ್ಲಿ ಪಟ ತಗಸ್ಕಂಡ. ಒಂದ್ ತಿಂಗ್ಳು ಇರ್ನಿಲ್ಲ, ಓದ," ಅಂದ್ರು. "ಅದು ಅಲ್ಲಾಡದೆ ಇರೋ ಪಟ. ನಿಂದು ಅಲ್ಲಾಡ್ತದೆ ಅಂತೀಯ. ಎಷ್ಟು ಉಸ್ರು ಎಳ್ಕಬೇಡ ಅದು?"

"ಅಪ್ಪಾಜಿ, ಲಿಂಗ ಮುಟ್ಟಿ ಹೇಳ್ತೀನಿ, ನಿಮಗೇನೂ ಆಗಕ್ಕಿಲ್ಲ."

ತಾತ ಅಂದ್ರು, "ಲಿಂಗ ಮುಟ್ದೆ, ಸರಿ. ಏನಾರ ಅಪಶಕುನ ಆದ್ರೆ ಮಾತ್ರ ಅವತ್ತೇ ಅದ್ನ ಬುಟ್ಟು ಮಂಡೀಲಿ ಬಂದು ಕೂತ್ಕ."

ಮಾವ ಒಪ್ಕೊಂಡ. ತಾತ ಜಗಲಿ ಮೇಲೆ ಕೂತ್ರು. ಮಾವ ಹಿಡಿ ತಿರುಗಿಸುವಾಗ ತಾತ ಒಂದು ತುಂಡಲ್ಲಿ ನಕ್ಕು ಕೈ ಎತ್ತಿದ್ರು, ಇನ್ನೊಂದರಲ್ಲಿ ಎಲೆ ಅಡಿಕೆ ಹಾಕ್ಕೊಂಡ್ರು. ಅಷ್ಟೂ ಹೊತ್ತು ಉಸಿರು ಬಿಗಿ ಹಿಡಿದಿದ್ರಂತೆ, ಯಂತ್ರಕ್ಕೆ ಸಿಗಬಾರದು ಅಂತ.

ಆಮೇಲೆ ಮೇಸ್ತ್ರಿ ಮಾವನ್ನ ನರಸೀಪುರಕ್ಕೆ ಕಳಿಸಿದ್ರು, ಕಪಿಲೆ ಬಂದು ಕಾವೇರಿಗೆ ಸೇರೋದನ್ನ ಹರಿಗೋಲಿನಿಂದ ಹಿಡಿಯೋಕೆ. ಮಾವನಿಗೆ ಈಜು ಬರಲ್ಲ. ಮಧ್ಯ ಹೊಳೇಲಿ ಹರಿಗೋಲು ಗಿರಗಿರ ಸುತ್ತಕ್ಕೆ ಶುರುವಾಯ್ತು. ಒಂದು ಕೈಯಲ್ಲಿ ಕ್ಯಾಮೆರಾ ತಬ್ಕೊಂಡು ಇನ್ನೊಂದರಲ್ಲಿ ಹಿಡಿ ತಿರುಗಿಸ್ತಾ ಮಾವ ಕಣ್ಣು ಮುಚ್ಕೊಂಡಿದ್ದ. ಅಂಬಿಗ, "ಸಾ, ಯಂತ್ರ ನೀರಿಗೆ ಬಿದ್ರೆ ನೀವೂ ಅಂಗೇ ಓಗ್ಬುಡಿ. ಎದ್ದು ಬಂದ್ರೆ ಮೇಸ್ತ್ರಿ ಸಾಯ್ಸದು ಬೇರೆ," ಅಂದ. ಆದ್ರೂ ಆ ಭಯದಲ್ಲಿ ಹಿಡಿದ ಸೀನ್ ಇದೆಯಲ್ಲ, ಎರಡು ಹೊಳೆ, ಗುಡಿ, ಮೆಟ್ಟಿಲು, ಎಲ್ಲಾ ನಮ್ಮ ಸುತ್ತಲೇ ತಿರುಗಿದ ಹಾಗೆ, ಅಂಥದ್ದು ನಾನು ಇವತ್ತಿನವರೆಗೂ ಇನ್ನೊಂದು ನೋಡಿಲ್ಲ.

ಮಾವ ನರಸೀಪುರದಲ್ಲಿದ್ದಾಗ ಮೇಸ್ತ್ರಿ ಒಬ್ಬರೇ ದೇವನೂರಿಗೆ ಹೋಗಿ ಬೇರೆ ಕ್ಯಾಮೆರಾದಲ್ಲಿ ಒಂದಷ್ಟು ಹಿಡ್ಕೊಂಡು ಬಂದ್ರು.

ಜೋಡಿಸೋದು ಹಗಲು ಹೊತ್ತು, ಕಿಟಕಿ ಪಕ್ಕ, ಕತ್ತರಿ ಮತ್ತೆ ಅಂಟು ಇಟ್ಕೊಂಡು. ಮೇಸ್ತ್ರಿ ಹೇಳಿಕೊಟ್ಟ ಪಾಠ ಇಷ್ಟು. "ನಿಮ್ಮಮ್ಮ ಕಣ್ಣೊರೆಸೋ ತುಂಡು ಇದೆ. ಪಕ್ಕ ಮೆಣಸಿನಕಾಯಿ ಇಟ್ರೆ ಅದು ಘಾಟು. ಅದೇ ತುಂಡು, ಪಕ್ಕ ಒಂದು ಗಾಡಿ ಹೋಗೋದಿಟ್ರೆ, ಮಗಳು ಗಂಡನ ಮನೆಗೆ ಹೋದ್ಲು. ಅಮ್ಮ ಏನೂ ಮಾಡ್ಲಿಲ್ಲ ಪಾ, ಮಾಡಿದ್ದು ಕತ್ತರಿ." ಮಾವನಿಗೆ ಮೂರು ದಿನ ನಿದ್ದೆ ಬರಲಿಲ್ಲವಂತೆ, ಅಷ್ಟು ಥ್ರಿಲ್.

ಆದ್ರೆ ಕತ್ತರಿಸೋದು ನೆಗೆಟಿವ್. ಅದರಲ್ಲಿ ಬಿಳಿ ಎಲ್ಲಾ ಕಪ್ಪು, ಕಪ್ಪೆಲ್ಲಾ ಬಿಳಿ, ಒಂದೊಂದು ಚಿತ್ರ ಹೆಬ್ಬೆರಳ ಉಗುರಷ್ಟು. ಯಾರ ಮುಖ ಅಂತ ಗೊತ್ತಾಗೋದೇ ಇಲ್ಲ, ಚೀಟಿ ನೋಡ್ಕೊಂಡೇ ಜೋಡಿಸ್ಬೇಕು. ದೇವನೂರಿನ ಎರಡು ತುಂಡಿಗೆ ಮೇಸ್ತ್ರಿ ಅಂಟಿಸಿದ್ದ ಚೀಟಿ, "ಪಲ್ಲಕ್ಕಿ", "ಹೆಂಗಸರು, ಬಾಯಿಗೆ ಸೆರಗು". ಮಾವ ಯೋಚಿಸಿದ, ಅಪ್ಪಾಜಿ ನಕ್ಕು ಕೈ ಎತ್ತಿದ ಮೇಲೆ ಪಲ್ಲಕ್ಕಿ ಇಟ್ರೆ ಅಪ್ಪಾಜೀನೇ ಮೆರವಣಿಗೆ ಹೋದ ಹಾಗಿರುತ್ತೆ, ಹೆಂಗಸರು ಸೆರಗು ಮುಚ್ಕೊಂಡು ನಗ್ತಾರೆ. ಅಪ್ಪನಿಗೆ ಕೊಡೋ ಮರ್ಯಾದೆ ಅಂತ ಅಂಟಿಸಿಬಿಟ್ಟ.

ಪ್ರಿಂಟ್ ಹಾಕೋದು ಮದ್ರಾಸಲ್ಲಿ. ಅದು ಬಂದಿದ್ದು ಆಟ ಇದ್ದ ದಿನ ಸಾಯಂಕಾಲದ ರೈಲಿಗೆ, ತಂದಿದ್ದು ನಾನೇ, ಮೈಸೂರಿಂದ ತಗಡಿನ ಡಬ್ಬಿ ತೊಡೆ ಮೇಲಿಟ್ಕೊಂಡು. ಈ ಫಿಲಂಗೆ ಬೆಂಕಿ ಹತ್ತಿಗಿಂತ ಬೇಗ ಹತ್ತುತ್ತೆ ಅಂತ ಹೇಳಿದ್ರು, ಪಕ್ಕದಲ್ಲಿ ಕೂತೋನು ಬೀಡಿ ಹಚ್ಚಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರ್ತಿತ್ತು. ಡಬ್ಬಿ ಅಷ್ಟು ತಡವಾಗಿ ಬಂದಿದ್ದಕ್ಕೆ ಮೊದಲೇ ಒಂದು ಸಲ ಹಾಕಿ ನೋಡೋಕೆ ಟೈಮೇ ಸಿಗಲಿಲ್ಲ.

ಟೆಂಟ್ ತುಂಬಿತ್ತು. ತಾತ, ಅಜ್ಜಿ ಮುಂದೆ ಬೆಂಚ್ ಮೇಲೆ. ಮೇಸ್ತ್ರಿ ಬಾಗಿಲಲ್ಲಿ ಟಿಕೆಟ್ ಹರೀತಿದ್ರು. ಮಾವ ಹಿಂದೆ ನಿಂತು ಫಿಲಂ ತೋರಿಸೋ ಮೆಷೀನಿನ ಹಿಡಿ ತಿರುಗಿಸ್ತಿದ್ದ, ನಾನು ಪಕ್ಕದಲ್ಲಿ. ತೆರೆ ಮೇಲೆ ತಾತ ಬಂದ್ರು, ನಕ್ಕು ಕೈ ಎತ್ತಿದ್ರು. ಜನ ಶಿಳ್ಳೆ ಹಾಕಿದ್ರು. ಆಮೇಲೆ ಪಲ್ಲಕ್ಕಿ ಬಂತು.

ಅದು ಪಲ್ಲಕ್ಕಿ ಅಲ್ಲ. ನಮ್ಮ ಲಿಂಗಾಯತರಲ್ಲಿ ಸತ್ತೋರನ್ನ ಮಲಗಿಸಲ್ಲ. ವಿಭೂತಿ ಹಚ್ಚಿ, ಹಾರ ಹಾಕಿ, ಹೂವಿನ ವಿಮಾನದಲ್ಲಿ ಕೂರಿಸಿ, ವಾದ್ಯ ಊದಿಸ್ಕೊಂಡು ಹೊತ್ಕೊಂಡು ಹೋಗಿ ಮಣ್ಣು ಮಾಡ್ತೀವಿ. ಮದ್ರಾಸಿನ ಮೇಸ್ತ್ರಿಗೆ ಅದು ಯಾರೋ ದೊಡ್ಡೋರ ಮೆರವಣಿಗೆ ಥರ ಕಂಡಿದೆ. ದೂರದಿಂದ ಹಿಡಿದಿದ್ದು, ಹಾರ, ವಿಭೂತಿ, ಬಿಳಿ ಮೀಸೆ, ಹೂವಿನ ಮಧ್ಯ ಕತ್ತು ವಾಲಿಸಿ ಕೂತ ಮುದುಕ. ಹಿಂದಿನ ಕ್ಷಣ ನಕ್ಕಿದ್ದು ತಾತ. ಈಗ ಅಲ್ಲಿ ಕೂತಿರೋದೂ ತಾತನೇ, ಇನ್ಯಾರು?

ಶಿಳ್ಳೆ ಹಾಕಿದ್ದೋರೇ ಕೈ ಮುಗಿದ್ರು. ಸೆರಗು ಬಾಯಿಗಿಟ್ಟ ಹೆಂಗಸರು ಬಂದ್ರು. ನಗ್ತಿರಲಿಲ್ಲ. ಅಜ್ಜಿ "ಶಿವನೇ" ಅಂತ ಎದೆ ಹಿಡ್ಕೊಂಡು ಕುಸಿದ್ರು.

"ಮಾವ, ನಿಲ್ಸು," ಅಂದೆ.

"ನಿಲ್ಸಂಗಿಲ್ಲ ಕಣೋ." ಮಾವನ ಮುಖ ಬೆವರಲ್ಲಿ ತೊಯ್ದಿತ್ತು. ಆ ಹಳೇ ಮೆಷೀನ್‌ನ ದೀಪ ಎಷ್ಟು ಬಿಸಿ ಅಂದ್ರೆ ಫಿಲಂ ಒಂದೇ ಕಡೆ ನಿಂತ್ರೆ ಹತ್ಕೊಳ್ಳುತ್ತೆ, ಹತ್ಕೊಂಡ್ರೆ ಟೆಂಟಿಗೇ ಬೆಂಕಿ. ದೀಪ ಆರಿಸಿದ್ರೆ ಕತ್ತಲಲ್ಲಿ ಆ ಭಯದ ಜನ ಒಬ್ಬರ ಮೇಲೊಬ್ಬರು ಬೀಳ್ತಾರೆ. ತಿರುಗಿಸ್ಲೇಬೇಕು. ಇದು ಕ್ಯಾಮೆರಾಕ್ಕೆ ಉಲ್ಟಾ, ಬೇಗ ತಿರುಗಿಸಿದ್ರೆ ಹೆಣ ಹೊತ್ತೋರು ಓಡ್ತಾರೆ. ಸೆಕೆಂಡಿಗೆ ಎರಡು ಸುತ್ತು. ಈಗ ಮನಸಲ್ಲಲ್ಲ, ಜೋರಾಗೇ ಓಂ ನಮಃ ಶಿವಾಯ ಅಂತ ತನ್ನಪ್ಪನ ಹೆಣ ತಾನೇ ಸಾಗಿಸ್ತಿದ್ದ.

ಮುಂದಿನ ತುಂಡು ನರಸೀಪುರದ ಹೊಳೆ, ಗಿರಗಿರ ಸುತ್ತೋದು. ಯಾರೋ ಕೇಳಿದ, "ಮಣ್ಣು ಮಾಡ್ದೆ ನೀರಿಗೆ ಬುಟ್ರಾ ಸಿದ್ದಯ್ಯನ?"

ಮಾವ ನನ್ನ ಕಡೆ ತಿರುಗದೇ ಪಿಸುಗುಟ್ಟಿದ, "ಇದಾದ್ಮೇಲೆ ಎಲೆ ಅಡಿಕೆ ಇದೆ. ಅಪ್ಪಾಜಿ ಬರ್ತಾರೆ." ಹೊಳೆ ಮುಗೀತು. ತಾತ ಜಗಲಿ ಮೇಲೆ ಕೂತು ಎಲೆಗೆ ಸುಣ್ಣ ಹಚ್ತಿದ್ರು. ಆಗ ಜನ ಚೀರಿದ್ರು ನೋಡಿ, ವಿಮಾನಕ್ಕೂ ಅಷ್ಟು ಹೆದರಿರಲಿಲ್ಲ.

ತಾತ ಎದ್ದು, ಯಾರನ್ನೂ ನೋಡದೇ ಮನೆಗೆ ನಡೆದ್ರು.

ಮೂರು ದಿನ ಊಟ ಮುಟ್ಟಲಿಲ್ಲ. ಗೋಡೆ ಕಡೆ ಮುಖ ಮಾಡಿ, ನಾಡಿ ಹಿಡ್ಕೊಂಡು ಕಾಯ್ತಿದ್ರು. ಮಾವ ಕೊಟ್ಟ ಮಾತಿನ ಪ್ರಕಾರ ಮಾರನೇ ಬೆಳಿಗ್ಗೆಯಿಂದಲೇ ಮಂಡೀಲಿ ಕೂತ. ಬೆಲ್ಲ ತೂಗುವಾಗಲೂ ಬಲಗೈ ತೊಡೆ ಮೇಲೆ ತಾನಾಗೇ ಸುತ್ತುತ್ತಿತ್ತು. ಅಪ್ಪಾಜಿ ಹೋಗ್ಬಿಟ್ರೆ ಕೊಂದೋನು ನಾನೇ, ಅಂತ ನನಗೊಬ್ಬನಿಗೆ ಹೇಳಿದ.

ನಾಲ್ಕನೇ ದಿನ ದೇವನೂರಿಂದ ನಿಂಗರಾಜು ಅನ್ನೋರು ಬಂದ್ರು. ಸೀದಾ ತಾತನ ಹತ್ರ ಹೋಗಿ ಕೈ ಮುಗಿದು ನಿಂತ್ರು.

"ಅಯ್ಯಾ, ಆ ವಿಮಾನದಲ್ಲಿದ್ದೋರು ನಮ್ಮ ಚಿಕ್ಕಪ್ಪ. ಅದ್ನ ಕತ್ರಿಸಿ ಸುಟ್ಟಾಕ್ತಾರೆ ಅಂತ ಜನ ಅಂದ್ರು. ಬ್ಯಾಡ ಅನ್ನಿ. ನಮ್ಮ ಚಿಕ್ಕವ್ವ ರುದ್ರಮ್ಮ ಅವತ್ತು ಪ್ರಜ್ಞೆ ತಪ್ಪಿದ್ರು, ಕೊನೆ ಮುಖ ನೋಡ್ನಿಲ್ಲ. ಒಂದ್ಸಲ ತೋರಿಸ್ಬೇಕು."

ತಾತ ಎದ್ದು ಕೂತ್ರು. "ಅಂದ್ರೆ ಅದು ನಾನಲ್ಲ."

"ನೀವು ಇಲ್ಲೇ ಇದ್ದೀರಲ್ಲ ಅಯ್ಯಾ."

ತಾತ ಮಾವನ್ನ ಕರೆಸಿದ್ರು. ಬೈಲಿಲ್ಲ. "ಅದ್ನ ಇಂದುಮುಂದು ಮಾಡಿ ಅಂಟ್ಸಕ್ಕಾಯ್ತದಾ?" ಅಂದ್ರು.

"ಹೆಂಗೆ ಅಪ್ಪಾಜಿ?"

"ಮೊದ್ಲು ವಿಮಾನ ಬರ್ಲಿ, ಎಂಗುಸ್ರು ಬರ್ಲಿ. ಆಮ್ಯಾಕೆ ನಾನು ಎಲೆ ಅಡ್ಕೆ ಆಕಳದು. ಆಗ ನೋಡೋರು, ಯಾರೋ ಪುಣ್ಯಾತ್ಮ ಓಯ್ತಾವ್ನೆ, ಈ ಮುದ್ಕ ಜಗ್ಲಿ ಮ್ಯಾಲೆ ಕೂತು ನೋಡ್ತಾವ್ನೆ ಅಂತಾರೆ. ಆ ನಗು ಮಾತ್ರ ಕಿತ್ತಾಕ್ಲಾ. ಎಣ ನೋಡಿ ಯಾರಾರ ನಗ್ತಾರಾ?"

ಕ್ಯಾಮೆರಾ ಅಂದ್ರೆ ಹೆದರ್ತಿದ್ದ ಮನುಷ್ಯ, ಮೇಸ್ತ್ರಿ ಕಲಿಸಿದ ಕತ್ತರಿ ಪಾಠಾನ ಒಂದೇ ಉಸಿರಲ್ಲಿ ಹೇಳಿಬಿಟ್ರು.

ಆ ಭಾನುವಾರ ಮತ್ತೆ ಟೆಂಟ್. ರುದ್ರಮ್ಮ ಮುಂದಿನ ಬೆಂಚಲ್ಲಿ, ಪಕ್ಕದಲ್ಲಿ ನಮ್ಮಜ್ಜಿ ಅವರ ಕೈ ಹಿಡ್ಕೊಂಡು. ಮಾವನ ಕೈ ತಾಳ ಬಿಡಲಿಲ್ಲ. ವಿಮಾನ ಬಂತು, ರುದ್ರಮ್ಮ ಸದ್ದಿಲ್ಲದೆ ಅತ್ರು. ಹೆಂಗಸರು ಬಂದ್ರು. ಆಮೇಲೆ ಜಗಲಿ ಮೇಲೆ ತಾತ, ತಲೆ ತಗ್ಗಿಸಿ ಎಲೆಗೆ ಸುಣ್ಣ ಹಚ್ತಾ. ನಿಜವಾಗ್ಲೂ ದುಃಖದಲ್ಲಿದ್ದ ಹಾಗೇ ಕಾಣ್ತಿದ್ರು. ಹಿಂದಿಂದ ಯಾರೋ, "ಪಾಪ, ಬೇಕಾದೋರೇನೋ," ಅಂದ್ರು.

ತಾತ ಅಷ್ಟೂ ಹೊತ್ತು ಬಾಗಿಲ ಹತ್ರ ನಿಂತಿದ್ರು, ಏನಾದ್ರೂ ಆದ್ರೆ ಓಡೋಕೆ. ಆ ಮಾತು ಕೇಳಿ ನಾಡಿ ಹಿಡಿದಿದ್ದ ಕೈ ಬಿಟ್ರು. ಆಟ ಮುಗಿದ ಮೇಲೆ ಮೆಷೀನ್ ಹತ್ರ ಬಂದು, ಅದರಿಂದ ಎರಡು ಮಾರು ದೂರದಲ್ಲೇ ನಿಂತು ಮಾವನಿಗೆ ಹೇಳಿದ್ರು, "ನಾಳಿಂದ ಮಂಡಿಗೆ ಬರ್ಬ್ಯಾಡ. ನೀನು ತೂಗಿದ್ ಬೆಲ್ಲ ಒಂದೂ ಸರಿ ಇಲ್ಲ."