ಸದ್ದಕ್ಕ ಕತ್ತರಿಸಿದ ಹದಿನಾಲ್ಕು ಪಟ್ಟಿ

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಅವಳನ್ನು ಎಲ್ಲರೂ ಸದ್ದಕ್ಕ ಅನ್ನುತ್ತಾರೆ. ಸದ್ದು ಮಾಡುವವಳು ಅಂತಲ್ಲ, ಅಡಗಿಸುವವಳು ಅಂತ. ಮಾಡುವುದೂ ಉಂಟು, ಅದು ಆಮೇಲೆ.

ತಾಳ ತಪ್ಪಿದ ಹೃದಯದೊಳಕ್ಕೆ ಡಾಕ್ಟರು ತೊಡೆಯ ರಕ್ತನಾಳದಿಂದ ತೂರಿಸುವ ಉದ್ದನೆಯ ತೆಳು ಕೊಳವೆಗೆ ಕ್ಯಾತಿಟರ್ ಎಂದು ಹೆಸರು. ಅದರ ತುದಿ ಒಳಗಿನಿಂದ ಕಳಿಸುವ ಸುದ್ದಿಯನ್ನು ಪರದೆಯ ಮೇಲೆ ಗೆರೆಯಾಗಿ ಮೂಡಿಸುವುದು ಸದ್ದಕ್ಕನ ಕೆಲಸ. ಹೃದಯದ ಸುದ್ದಿಯೋ ಬರೀ ಪಿಸುಮಾತು. ಸುತ್ತಲಿನ ಕರೆಂಟೋ ಮಹಾ ಬಾಯಿಬಡುಕ. ದೀಪ, ಪಂಪು, ಮೋಟಾರು ಎಲ್ಲದರೊಳಗೂ ಕೂತು ಒಂದೇ ಸಮನೆ ಗುಂಯ್ ಅನ್ನುತ್ತಿರುತ್ತದೆ. ಆ ಗುಂಯ್ ಕೇಬಲ್ಲಿಗೆ ಅಂಟಿಕೊಂಡರೆ ಪರದೆಯ ಗೆರೆ ಕಂಬಳಿಹುಳುವಿನ ಹಾಗೆ ಮೈತುಂಬ ರೋಮ ಬಿಡುತ್ತದೆ. ಸುದ್ದಿ ಹೋಗಿ ಸದ್ದಷ್ಟೇ ಉಳಿಯುತ್ತದೆ.

ಈ ವಿದ್ಯೆಯ ಮೊದಲ ಪಾಠ ಅಪ್ಪನಿಂದ. ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದರು. "ಗುಂಯ್ ಅಂದ್ರೆ ರೇಡಿಯೋನ ಬೈಬೇಡ ಮಗಳೇ, ಅದರ ಪಕ್ಕ ಯಾರು ಕೂತಿದ್ದಾರೆ ನೋಡು" ಎನ್ನುತ್ತಿದ್ದರು. ಗಂಡ ಟೈಲರ್. ಅವನಿಂದ ಬಂದದ್ದು ಬೀಗದಕೈ ಗೊಂಚಲಿಗೆ ನೇತುಬಿದ್ದ, ದಾರ ಕತ್ತರಿಸುವ ಬೆರಳುದ್ದದ ಕತ್ತರಿ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವನು ಕೊಟ್ಟ ಹರಿತವಾದ ವಸ್ತು ಅದೊಂದೇ. ಮಾತೆಲ್ಲ ಮೊಂಡು, ಪಾಪ.

ಮಂಗಳವಾರ ಅತ್ತೆಯ ಕಣ್ಣು ತೋರಿಸಲು ಅವಳು ರಜೆ ಹಾಕಿದ್ದಳು. ಬುಧವಾರ ಬೆಳಿಗ್ಗೆ ಬಂದರೆ ಕೋಣೆಯ ಬಾಗಿಲಿಗೊಂದು ಚೀಟಿ: "ನಾಳೆ ತಪಾಸಣಾ ತಂಡದ ಭೇಟಿ. ಕೋಣೆಯ ಅಚ್ಚುಕಟ್ಟು ಕೆಡಿಸಿದವರನ್ನು ಬಟ್ಟೆ ಉಗ್ರಾಣಕ್ಕೆ ವರ್ಗಾಯಿಸಲಾಗುವುದು." ಕೆಳಗೆ ಮೇಲ್ವಿಚಾರಕರ ಸಹಿ. ಬೆನ್ನ ಹಿಂದೆ ಅವರಿಗೆ ಅಚ್ಚುಕಟ್ಟಪ್ಪ ಎಂದೇ ಹೆಸರು. ಪೆನ್ನುಗಳನ್ನು ಎತ್ತರದ ಪ್ರಕಾರ ಜೋಡಿಸಿಡುವ ಮನುಷ್ಯ. ಸದ್ದಕ್ಕ ಓದಿ, ನಕ್ಕು, ಒಳಗೆ ಹೋದಳು.

ಮೇಜಿನ ಮೇಲೆ ಆಗಲೇ ರೋಗಿಯನ್ನು ಮಲಗಿಸಿ, ನೆಲ ಮುಟ್ಟುವಂತೆ ಹಸಿರು ಬಟ್ಟೆ ಹೊದೆಸಿದ್ದರು. ರೋಗಿ ಒಬ್ಬ ಬಸ್ ಕಂಡಕ್ಟರಮ್ಮ. ಟಿಕೆಟ್ ಕೊಡುತ್ತ ನಿಂತಿದ್ದಾಗಲೇ ಎದೆ ಇದ್ದಕ್ಕಿದ್ದಂತೆ ಓಟ ಕೀಳುತ್ತಿತ್ತು. ಎರಡು ಸಲ ಪ್ರಯಾಣಿಕರ ಮೇಲೇ ಬಿದ್ದಿದ್ದರು.

"ನಮ್ಮ ಬಸ್ಸು ನಲವತ್ತು ದಾಟಲ್ಲ ತಾಯಿ, ಇದು ಮಾತ್ರ ಇನ್ನೂರು" ಎಂದರು, ಪ್ರಜ್ಞೆ ಪೂರ್ತಿ ಇದ್ದ ಕಂಡಕ್ಟರಮ್ಮ. "ಎದೇಲಿ ಮೆಷಿನ್ ಗಿಷಿನ್ ಇಡಲ್ಲ ತಾನೆ?"

"ಇಡೋ ಹಾಗೆ ಆಗ್ಬಾರದು ಅಂತಲೇ ನಾನು ಇರೋದು" ಎಂದಳು ಸದ್ದಕ್ಕ.

ಮಾತು ಸುಮ್ಮನೆ ಆಡಿದ್ದಲ್ಲ. ಕಂಡಕ್ಟರಮ್ಮನ ಹೃದಯದಲ್ಲಿ ಒಂದು ಕಳ್ಳದಾರಿ ಇತ್ತು; ಕ್ಯಾತಿಟರ್‌ನ ತುದಿಯನ್ನು ಕಾಯಿಸಿ ಅದನ್ನು ಸುಟ್ಟರೆ ಓಟ ನಿಲ್ಲುತ್ತದೆ. ಆದರೆ ಅದರಿಂದ ಅಕ್ಕಿಕಾಳಿನಷ್ಟು ಆಚೆಗೇ ಮುಖ್ಯರಸ್ತೆ. ಹೃದಯದ ಮೇಲ್ಮನೆಯಿಂದ ಕೆಳಮನೆಗೆ ಅಪ್ಪಣೆ ಇಳಿಯುವುದು ಅದರಲ್ಲೇ. ಅದು ಸುಟ್ಟಿತೋ, ಜೀವಮಾನವಿಡೀ ಎದೆಯಲ್ಲಿ ಯಂತ್ರ. ತುದಿ ಮುಖ್ಯರಸ್ತೆಯ ಮೇಲೆ ಕೂತಾಗ ಗೆರೆಯಲ್ಲಿ ಸೂಜಿಮೊನೆಯಷ್ಟು ಒಂದು ಮುಳ್ಳು ಕಾಣುತ್ತದೆ. ಕಂಡರೆ ಹಿಂದೆ ಸರಿಯಬೇಕು. ಅಷ್ಟೇ ಸೂಚನೆ, ಬೇರೆ ಬೋರ್ಡು ಇಲ್ಲ.

ಡಾಕ್ಟರು ಕ್ಯಾತಿಟರ್ ತೂರಿಸಿ, ಎಕ್ಸ್-ರೇ ನೋಡಿಕೊಂಡು ತುದಿಯನ್ನು ಒಂದು ಜಾಗದಲ್ಲಿ ನಿಲ್ಲಿಸಿದರು. ಅವತ್ತು ಪರದೆಯ ತುಂಬ ಕಂಬಳಿಹುಳು.

"ಫಿಲ್ಟರ್ ಹಾಕಿಬಿಡಮ್ಮ" ಎಂದರು ಡಾಕ್ಟರು. ಗುಂಯ್ ಅನ್ನು ಜರಡಿ ಹಿಡಿಯುವ ಗುಂಡಿ ಅದು.

"ಹಾಕಲ್ಲ ಸರ್."

"ಏನು?"

"ಹಾಕಿ ತೋರಿಸ್ತೀನಿ, ಆಮೇಲೆ ತೆಗೀತೀನಿ." ಒತ್ತಿದಳು. ಗೆರೆ ನುಣ್ಣಗಾಯಿತು. ದೊಡ್ಡ ಏರಿಳಿತಗಳ ಪಕ್ಕ ಮೂರು ಪುಟ್ಟ ಮುಳ್ಳು ಎದ್ದಿದ್ದವು. "ಇದರಲ್ಲಿ ಯಾವುದು ಕಂಡಕ್ಟರಮ್ಮಂದು, ಯಾವುದು ಈ ಗುಂಡಿ ಹೆತ್ತಿದ್ದು? ಹೇಳಿ ಸರ್. ಪ್ರತಿ ಏಟಿಗೂ ಇದು ಗಂಟೆ ಹೊಡೆದ ಹಾಗೆ ಅನುರಣಿಸುತ್ತೆ. ಇಲ್ಲದ ಮುಳ್ಳು ಹುಟ್ಟಿಸುತ್ತೆ, ಇರೋದನ್ನ ಸವರುತ್ತೆ."

"ನಾನು ಇಪ್ಪತ್ತು ವರ್ಷದಿಂದ ಇದನ್ನೇ ನೋಡ್ತಿದೀನಿ."

"ನಾನೂ ಅಷ್ಟೇ ವರ್ಷದಿಂದ ಇದನ್ನೇ ಬೇಡ ಅಂತಿದೀನಿ ಸರ್. ಹತ್ತು ನಿಮಿಷ ಕೊಡಿ."

ಡಾಕ್ಟರು ಗಡಿಯಾರ ನೋಡಿದರು, ಛಾವಣಿ ನೋಡಿದರು, ಕೊನೆಗೆ ಕೈಕಟ್ಟಿ ನಿಂತರು. ಸದ್ದಕ್ಕ ಎಕ್ಸ್-ರೇ ತಡೆಯುವ ಸೀಸದ ಏಪ್ರನ್ ಏರಿಸಿಕೊಂಡಳು. ತೊಟ್ಟರೆ ಎರಡು ಮಕ್ಕಳನ್ನು ಹೊತ್ತಂತೆ. ಔಷಧಿ ಪಂಪಿನ ಪ್ಲಗ್ ಕಿತ್ತು ಬ್ಯಾಟರಿಗೆ ಹಾಕಿದಳು. ಗುಂಯ್ ಹೋಗಲಿಲ್ಲ. ದೊಡ್ಡ ದೀಪ ಆರಿಸಿದಳು. ಹೋಗಲಿಲ್ಲ. ಎದೆಗಂಟಿಸಿದ ವೈರಿನ ಬಿಲ್ಲೆಗಳನ್ನು ತೆಗೆದು, ಚರ್ಮ ಒರೆಸಿ, ಹೊಸದನ್ನು ಅಂಟಿಸಿದಳು. ಊಹೂಂ. ಪಕ್ಕ ಯಾರು ಕೂತಿದ್ದಾರೆ, ಅಪ್ಪ? ಹಸಿರು ಬಟ್ಟೆಯ ಅಂಚು ಸರಿಸಿ ಮೇಜಿನಡಿಗೆ ತಲೆ ತೂರಿಸಿದಳು.

ಅಲ್ಲಿ ಮಲಗಿತ್ತು ಅಚ್ಚುಕಟ್ಟಪ್ಪನವರ ಕಲಾಕೃತಿ. ಹೃದಯದ ಪಿಸುಮಾತು ಹೊರುವ ಕೇಬಲ್ಲು, ಮೇಜಿನ ಮೋಟಾರಿನ ದಪ್ಪ ಕರೆಂಟು ವೈರು, ಎರಡನ್ನೂ ಒಟ್ಟಿಗೆ ಬಾಚಿ, ಜಡೆಯಂತೆ ಉದ್ದಕ್ಕೆ ಜೋಡಿಸಿ, ಗೇಣಿಗೊಂದು ಬಿಳಿ ಪ್ಲಾಸ್ಟಿಕ್ ಪಟ್ಟಿ ಬಿಗಿದಿತ್ತು. ಅವಳು ಬೇಕೆಂದೇ ಕೋಣೆಯ ಆ ಮೂಲೆಗೊಂದು ಈ ಮೂಲೆಗೊಂದು ಮಾಡಿ, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿದ್ದ ವೈರುಗಳು ಅವು. ಪಿಸುಗುಡುವವರನ್ನೂ ಅರಚುವವರನ್ನೂ ಒಂದೇ ಸೀಟಿನಲ್ಲಿ ಕೂರಿಸಿದರೆ ಕಂಡಕ್ಟರಮ್ಮನಿಗೆ ಕೇಳಿಸುವುದೇನು?

ಕತ್ತರಿ ಹೊರಗೆ ಬಂತು.

"ಏಯ್, ಏಯ್! ಏನ್ ಮಾಡ್ತಿದೀರಿ?" ಗಾಜಿನಾಚೆಯ ಕೋಣೆಯಿಂದ ಮೈಕಿನಲ್ಲಿ ಮೇಲ್ವಿಚಾರಕರು. ನಾಳೆಯ ಅಂದ ನೋಡಲು ಇವತ್ತೇ ಬಂದಿದ್ದರು. "ಬಾಗಿಲ ಮೇಲಿನ ಚೀಟಿ ಓದಿಲ್ವಾ?"

"ಓದಿದೆ ಸರ್" ಎಂದಿತು ಮೇಜಿನಡಿಯ ದನಿ. ಚಟ್.

"ಬಟ್ಟೆ ಉಗ್ರಾಣಕ್ಕೆ ಹೋಗ್ತೀರಾ?"

"ಹೋಗ್ತೀನಿ. ಇದು ಮುಗಿಸಿ." ಚಟ್.

"ನಿಲ್ಸಿ ಅಂದೆ!"

"ಬಟ್ಟೆ ಮಡಚೋದು ನನಗೆ ಬರುತ್ತೆ ಸರ್, ಗಂಡ ಟೈಲರ್ರು. ಹೃದಯ ಮಡಚೋಕೆ ಬರಲ್ಲ." ಚಟ್, ಚಟ್.

ಮೇಲಿನಿಂದ ಕಂಡಕ್ಟರಮ್ಮ, "ಹೋಲ್ಡಾನ್ ಹೇಳೋದು ನನ್ನ ಕೆಲಸ ಸಾರ್, ನೀವು ಸುಮ್ನಿರಿ" ಎಂದರು. ನರ್ಸು ಮಾಸ್ಕಿನೊಳಗೇ ಕೆಮ್ಮಿದಂತೆ ನಕ್ಕಳು.

ಹದಿನಾಲ್ಕು ಪಟ್ಟಿ. ಕರೆಂಟು ವೈರನ್ನು ಗೋಡೆಯ ಕಡೆಗೆ ಎಳೆದು, ಕೇಬಲ್ಲನ್ನು ಮೇಜಿನ ಇನ್ನೊಂದು ಬದಿಗೆ ತಿರುಗಿಸಿ ಅವಳು ಹೊರಬರುವಷ್ಟರಲ್ಲಿ ಡಾಕ್ಟರು ಪರದೆಯ ಹತ್ತಿರ ಸರಿದು ನಿಂತಿದ್ದರು. ಫಿಲ್ಟರ್ ಇಲ್ಲ. ರೋಮವೂ ಇಲ್ಲ. ಸಾಣೆ ಹಿಡಿದಂಥ ಗೆರೆ. ಅದರ ಮೇಲೆ, ಎರಡು ದೊಡ್ಡ ಏರಿಳಿತಗಳ ನಡುವೆ, ಒಂದೇ ಒಂದು ಪುಟ್ಟ ಮುಳ್ಳು.

"ತುದಿ ಇರೋ ಜಾಗದ್ದಾ ಇದು?" ಎಂದರು.

"ಹೌದು ಸರ್. ಅಲ್ಲಾಡಿಸಿಲ್ಲ ತಾನೆ ನೀವು?"

ಅಲ್ಲಾಡಿಸಿರಲಿಲ್ಲ. ಸುಡಲು ಆರಿಸಿದ್ದ ಜಾಗ ಅದೇ ಆಗಿತ್ತು. ಅವರು ಕ್ಯಾತಿಟರ್‌ನ್ನು ಕೂದಲೆಳೆಯಷ್ಟು, ಇನ್ನೊಂದು ಎಳೆಯಷ್ಟು ಹಿಂದಕ್ಕೆ ತಂದರು. ಮುಳ್ಳು ಮಾಯವಾಯಿತು. ಅಲ್ಲಿ ಸುಟ್ಟರು. ಆಮೇಲೆ ಅರ್ಧ ಗಂಟೆ ಕೆಣಕಿದರೂ ಕಂಡಕ್ಟರಮ್ಮನ ಹೃದಯ ಎಪ್ಪತ್ತೆರಡು ದಾಟಿ ಓಡಲಿಲ್ಲ.

"ಮೆಷಿನ್ನು?" ಎಂದರು ಆಕೆ.

"ಇಲ್ಲ. ನಾಳೆ ಮನೆಗೆ, ನಿಮ್ಮ ಕಾಲ ಮೇಲೆ."

"ರೈಟ್ ರೈಟ್!"

ಸಂಜೆ ನಾಲ್ಕಕ್ಕೆ ಕಾರಣ ಕೇಳುವ ನೋಟಿಸು ಬಂತು. ಉತ್ತರಿಸಲು ಮೂರು ದಿನ. ಸದ್ದಕ್ಕ ಮೂರು ನಿಮಿಷದಲ್ಲಿ ಮುಗಿಸಿದಳು. ಎರಡು ಗೆರೆ ಮುದ್ರಿಸಿ ಪಿನ್ನು ಹೊಡೆದಳು, ಕತ್ತರಿಸುವ ಮೊದಲಿನದು, ಆಮೇಲಿನದು. ಜೊತೆಗೊಂದು ಲಕೋಟೆಯಲ್ಲಿ ಹದಿನಾಲ್ಕು ತುಂಡು ಪಟ್ಟಿ, ಆಸ್ಪತ್ರೆಯ ಆಸ್ತಿಯಲ್ಲವೇ. ಮೇಲ್ವಿಚಾರಕರು ಗೆರೆಗಳನ್ನು ತಲೆಕೆಳಗಾಗಿ ಹಿಡಿದು ನೋಡಿದರು. ಲಕೋಟೆಯನ್ನು ಪೆನ್ನುಗಳ ಸಾಲಿಗೆ ಸಮವಾಗಿ ಇಟ್ಟರು.

"ಡಾಕ್ಟರು ಫೋನ್ ಮಾಡಿದ್ರು" ಎಂದರು ಬಿಗುಮಾನದಿಂದ. "ಹಾಗಂತ ಬಿಡೋಕಾಗಲ್ಲ. ಮುಂದೆ ಹೀಗೆ ಮಾಡಲ್ಲ ಅಂತ ಒಂದು ಸಾಲು ಬರೆದುಕೊಡಿ. ವಿಷಯ ಇಲ್ಲಿಗೇ ಮುಗಿಸ್ತೀನಿ."

ಸದ್ದಕ್ಕ ಸಾಲಿನಲ್ಲಿದ್ದ ಅತಿ ಎತ್ತರದ ಪೆನ್ನನ್ನೇ ಎಳೆದುಕೊಂಡು ಬರೆದಳು: "ಹೃದಯದ ಕೇಬಲ್ಲನ್ನು ಕರೆಂಟಿನ ವೈರಿನ ಜೊತೆ ಯಾರು ಎಷ್ಟು ಸಲ ಕಟ್ಟಿದರೂ ಅಷ್ಟು ಸಲ ಕತ್ತರಿಸುತ್ತೇನೆ." ಸಹಿ, ದಿನಾಂಕ, ವೇಳೆ.

ಪೆನ್ನನ್ನು ಗಿಡ್ಡ ಪೆನ್ನಿನ ಪಕ್ಕಕ್ಕೆ ಇಟ್ಟು ಎದ್ದಳು. ನಾಳೆ ಉಗ್ರಾಣವೋ, ಮೂರನೇ ಮಹಡಿಯೋ ಗೊತ್ತಿರಲಿಲ್ಲ. ಬಾಗಿಲ ಚೀಟಿಯನ್ನು ಕಿತ್ತು, ಅದರ ಹಿಂಬದಿಯಲ್ಲಿ ಯಾವ ಕೇಬಲ್ಲು ಯಾವ ಕಡೆಯಿಂದ ಹೋಗಬೇಕೆಂದು ನಕ್ಷೆ ಬರೆದು, ತಪಾಸಣಾ ತಂಡದ ಕಣ್ಣಿಗೆ ಬೀಳುವ ಎತ್ತರಕ್ಕೆ ಅಂಟಿಸಿ ಮನೆಗೆ ಹೊರಟಳು.