ಅವ್ವನ ಬದಲು ನಾನು ಕೊಟ್ಟ ಉತ್ತರ

ಅವ್ವನಿಗೆ ಪಿತ್ತಕೋಶದಲ್ಲಿ ಕಲ್ಲು. ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್. ಹಿಂದಿನ ದಿನ ನರ್ಸು ಕಾಗದ ಹಿಡಿದು ಬಂದು, ಯಾವುದಾದರೂ ಔಷಧಿ, ಇಂಜೆಕ್ಷನ್ ಮೈಗೆ ಆಗದೆ ತೊಂದರೆಯಾಗಿತ್ತಾ ಎಂದು ಕೇಳಿದಳು. ಎಲ್ಲಕ್ಕೂ ಪಟಪಟನೆ ಉತ್ತರ ಕೊಡುತ್ತಿದ್ದವಳು ನಾನು. ಸುಂಟಿಕೊಪ್ಪದಿಂದ ಮೊದಲ ಬಸ್ಸಿಗೆ ಹೊರಟು ಬಂದು, ಸಾಲಿನಲ್ಲಿ ನಿಂತೂ ನಿಂತೂ ತಲೆ ಕೆಟ್ಟುಹೋಗಿತ್ತು.

ಅವ್ವ ಮೆಲ್ಲಗೆ ಬಾಯಿ ತೆರೆದಳು. "ಆವತ್ತು ಕಾಲಿಗೆ ಕತ್ತಿ ತಾಗಿ ಸೂಜಿ ಹಾಕಿಸ್ಕೊಂಡಿದ್ನಲ್ಲ, ಆಮೇಲೆ ಮೈಯೆಲ್ಲಾ..."

"ಅದು ಕಂಬಳಿಹುಳ ಕಣವ್ವ. ಸುಮ್ನಿರು ನೀನು," ಎಂದು ಗದರಿದೆ. ನರ್ಸಿಗೆ, ಏನೂ ಇಲ್ಲ ಬರ್ಕೊಳ್ಳಿ ಅಂದೆ. ನರ್ಸು ಬರೆದುಕೊಂಡು ಹೋದಳು.

ನಾನು ಸುಳ್ಳು ಹೇಳಲಿಲ್ಲ, ನಾವೆಲ್ಲ ನಂಬಿದ್ದೇ ಅದನ್ನು. ಆಗ ಎಸ್ಟೇಟಿನಲ್ಲಿ ಪಿಕ್ಕಿಂಗ್ ಸಮಯ. ಸೂಜಿ ಹಾಕಿಸಿಕೊಂಡ ಅವ್ವ ಮನೆಗೆ ಬಂದು ಮಲಗುವುದು ಬಿಟ್ಟು, ನೇರ ತೋಟಕ್ಕೆ ಹೋಗಿ ಕಾಫಿ ಗಿಡಕ್ಕೆ ಕೈ ಹಾಕಿದ್ದಳು. ಸ್ವಲ್ಪ ಹೊತ್ತಿಗೆ ಮೈತುಂಬ ದದ್ದು, ತುಟಿ ಊದಿ, ಉಸಿರು ಗೊರಗೊರ. ಕಾಫಿ ಕೊಯ್ಯುವವರಿಗೆ ದದ್ದೆಂದರೆ ಕಂಬಳಿಹುಳ, ಇನ್ನೇನು? ಅರಿಶಿನ ಎಣ್ಣೆ ಹಚ್ಚಿದೆವು. ಸಂಜೆಗೆ ಇಳಿಯಿತು. ಹುಳ ಕಣ್ಣಿಗೇ ಬೀಳಲಿಲ್ಲವಲ್ಲ ಎಂದು ಅವ್ವ ಎಷ್ಟೋ ದಿನ ಹೇಳುತ್ತಿದ್ದಳು. ಕಣ್ಣು ಮಂಜಾಗಿದೆ ನಿನಗೆ ಎಂದು ನಾವು ನಗಾಡಿದೆವು.

ಮರುದಿನ ಬೆಳಿಗ್ಗೆ ಅವ್ವನನ್ನು ಒಳಗೆ ಕರೆದೊಯ್ದರು. ಗಾಯಕ್ಕೆ ಕೀವಾಗದಿರಲೆಂದು ಆಪರೇಷನ್ನಿಗೆ ಮೊದಲು ಎಲ್ಲರಿಗೂ ಕೊಡುವ ಆಂಟಿಬಯೋಟಿಕ್ ಅವಳಿಗೂ ಕೊಟ್ಟರು. ಹೊಟ್ಟೆಗೆ ಕತ್ತಿ ತಾಗುವ ಮೊದಲೇ ಗಂಟಲು ಊದಿ, ಬಿಪಿ ಕುಸಿದು ಹೋಯಿತಂತೆ. ಒಂದು ಗಂಟೆ ಒದ್ದಾಡಿದರು. ಅವ್ವ ಉಳಿಯಲಿಲ್ಲ.

ಹೊರಗೆ ಬಂದ ಡಾಕ್ಟರು ನರ್ಸು ಕೇಳಿದ್ದನ್ನೇ ಮತ್ತೆ ಕೇಳಿದರು. ಈ ಸಲ ಆ ಸೂಜಿಯ ವಿಷಯ ಹೇಳಿದೆ. ಅದೂ ಇದೇ ಜಾತಿಯ ಔಷಧಿ ಇದ್ದಿರಬೇಕು ಅಂದರು. ಮೊದಲೇ ಯಾಕೆ ಹೇಳಲಿಲ್ಲ ಎಂದು ಅವರು ಕೇಳಲಿಲ್ಲ. ಕೇಳಿ ಕೆನ್ನೆಗೆ ಬಾರಿಸಿದ್ದರೂ ಚೆನ್ನಾಗಿತ್ತು. ಅಯ್ಯೋ, ಹೇಳಬೇಕಾದವಳು ಹೇಳಲು ಹೊರಟೇ ಇದ್ದಳಲ್ಲ.

ತಿಥಿ ಮುಗಿದ ಮೇಲೆ ಅಪ್ಪ ನನ್ನ ಪಕ್ಕ ಬಂದು ಕೂತ.

"ನಿಮ್ಮವ್ವಂಗೆ ಆಸ್ಪತ್ರೆ ಅಂದ್ರೆ ಮೊದ್ಲಿಂದ್ಲೂ ಭಯ. ಮಗಳು ಇರ್ತಾಳೆ, ಎಲ್ಲಾ ಅವ್ಳೇ ಮಾತಾಡ್ತಾಳೆ ಅಂತ ಧೈರ್ಯ ಮಾಡಿ ಹೊರಟ್ಲು ಕಣವ್ವ."

ಅಪ್ಪನಿಗೆ ನಾನು ಇನ್ನೂ ಹೇಳಿಲ್ಲ.