ದೊಡ್ಡತ್ತೆಯ ಮೀನುಕಟ್ಟೆ

ದೊಡ್ಡತ್ತೆಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರವರೆಲ್ಲ ಹೇಳುತ್ತಾರೆ. ಹೇಳುವವರಿಗೇನು, ಅವರ ಗೋಡೆಯ ಕಲ್ಲನ್ನು ಯಾರೂ ಕಿತ್ತುಕೊಂಡು ಹೋಗಿಲ್ಲವಲ್ಲ.

ಅವಳ ಗೋಡೆ ಇರುವುದು ಹೊಳೆಯಲ್ಲಿ. ರಸ್ತೆ ಮುಗಿದ ಮೇಲೆ ದೋಣಿಯಲ್ಲಿ ಅರ್ಧ ದಿನ ಬಂದರೆ ಸಿಗುವ ತಿರುವಿನಲ್ಲಿ, ಅವಳ ಜನ ಯಾವ ಕಾಲದಲ್ಲೋ ಕಲ್ಲು ಜೋಡಿಸಿ ಮೀನುಕಟ್ಟೆಗಳನ್ನು ಮಾಡಿದ್ದರು. ಬಿಲ್ಲಿನಂತೆ ಬಾಗಿದ, ಮೊಣಕಾಲೆತ್ತರದ ಗೋಡೆಗಳು. ನೀರು ಏರಿದಾಗ ಮೀನು ಗೋಡೆ ದಾಟಿ ಒಳಗೆ ಬರುತ್ತದೆ. ಇಳಿದಾಗ ದೊಡ್ಡವು ಒಳಗೇ ಉಳಿಯುತ್ತವೆ. ಮರಿಗಳು ಹೊರಗೆ ಹೋಗಲೆಂದು ಬುಡದಲ್ಲಿ ಅಂಗೈ ಅಗಲದ ಒಂದು ಕಂಡಿ. ಮನೆಗೊಂದು ಕಟ್ಟೆ. ದೊಡ್ಡತ್ತೆಯ ಮನೆತನದ್ದು ದೋಣಿ ನಿಲ್ಲುವ ಜಾಗದ ಪಕ್ಕದಲ್ಲೇ ಇತ್ತು. ಗ್ರಹಚಾರ ಅಂದರೆ ಅದೇ.

ಪ್ರವಾಸಿಗರು ದೋಣಿಯಿಂದ ಇಳಿದವರೇ ಕಟ್ಟೆಯ ಕಲ್ಲೆತ್ತಿ, ದಡದಲ್ಲಿ ಒಂದರ ಮೇಲೊಂದು ಪೇರಿಸಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಸಂಜೆ ದೊಡ್ಡತ್ತೆ ಬಟ್ಟೆ ಎತ್ತಿಕಟ್ಟಿ, ಅವರ ವಂಶವನ್ನೆಲ್ಲ ಬೈಯುತ್ತ, ಕಲ್ಲುಗಳನ್ನು ಮತ್ತೆ ಗೋಡೆಗೆ ಕೂರಿಸುತ್ತಿದ್ದಳು. ಸೊಂಟ ಬಿದ್ದುಹೋಗುತ್ತಿತ್ತು, ಆದರೂ ಗೋಡೆ ನಿಂತಿತ್ತು.

ಆಮೇಲೆ ಇಲಾಖೆಯವರು ಬಂದರು. ಟೇಪು ಹಿಡಿದು ಅಳೆದರು, ಬೋರ್ಡು ನೆಟ್ಟರು: 'ಪುರಾತನ ಸ್ಮಾರಕ. ಕಲ್ಲುಗಳನ್ನು ಮುಟ್ಟುವುದು ಅಪರಾಧ.' ಕಾವಲಿಗೆ ಹಾಕಿದ್ದು ಯಾರನ್ನು? ಅವಳ ತಮ್ಮನ ಮಗನನ್ನೇ. ಬೋರ್ಡು ಓದದ ಪ್ರವಾಸಿಗರು ಕಲ್ಲೆತ್ತುತ್ತಲೇ ಇದ್ದರು. ಅಷ್ಟು ಜನರನ್ನು ಹಿಡಿಯುವುದು ಅವನಿಂದಾಗಲಿಲ್ಲ. ಅತ್ತೆಯೊಬ್ಬಳನ್ನು ಹಿಡಿಯುವುದು ಸುಲಭವಾಗಿತ್ತು.

"ಅತ್ತೆ, ಕೈ ಮುಗೀತೀನಿ, ಕಲ್ಲು ಕೆಳಗಿಡಿ. ನನ್ನ ಕೆಲಸ ಹೋಗುತ್ತೆ."

"ಲೋ, ಇದು ನಿನ್ನಜ್ಜ ಕಾಪಾಡಿದ ಗೋಡೆ! ಕೀಳೋರನ್ನ ಬಿಟ್ಟು ಕೂರಿಸೋಳನ್ನ ಹಿಡೀತೀಯಲ್ಲ, ನಿನ್ನ ಬುದ್ಧಿ ಎಲ್ಲಿ ಮೇಯೋಕೆ ಹೋಗಿದೆ?"

"ನಂಗೂ ಗೊತ್ತು ಅತ್ತೆ. ಆದ್ರೆ ರೂಲ್ಸು."

ಇಲಾಖೆಯ ಮೇಡಂ ಬಂದಾಗ ದೊಡ್ಡತ್ತೆ ಅವರನ್ನೇ ಕೇಳಿದಳು. "ನೋಡಿ ಅಮ್ಮ, ಅಳತೆ ತಗೊಂಡ ದಿನ ಹೇಗಿತ್ತೋ ಹಾಗೇ ಇರಬೇಕು," ಎಂದರು ಮೇಡಂ.

"ಅವತ್ತು ಬೆಳಿಗ್ಗೆ ತಾನೇ ಪ್ರವಾಸಿಗರು ಅರ್ಧ ಗೋಡೆ ಕಿತ್ತಿದ್ರಲ್ಲಮ್ಮಾ!"

"ಹಾಗಾದ್ರೆ ಆ ಸಂದೂ ಈಗ ಸ್ಮಾರಕಾನೇ."

ಮೇಡಂ ಕೆಟ್ಟವರಲ್ಲ, ನಗುನಗುತ್ತಲೇ ಹೇಳಿದರು. ದೊಡ್ಡತ್ತೆಗೆ ಮೈಯೆಲ್ಲ ಉರಿದುಹೋಯಿತು.

ನೀರು ಏರುವ ಕಾಲ ಹತ್ತಿರವಾಯಿತು. ಸಂದು ಮುಚ್ಚದಿದ್ದರೆ ಮೀನು ನಿಲ್ಲುವುದಿಲ್ಲ; ಅಷ್ಟೇ ಆದರೆ ಹಾಳಾಗಿಹೋಗಲಿ ಎನ್ನಬಹುದಿತ್ತು. ಸೆಳವು ಆ ಸಂದಿನಲ್ಲಿ ನುಗ್ಗಿ ಉಳಿದ ಗೋಡೆಯನ್ನೂ ಎಳೆದುಕೊಂಡು ಹೋಗುತ್ತದೆ. ಆಮೇಲೆ ಮನೆತನದ ಕಟ್ಟೆ ಬೋರ್ಡಿನ ಮೇಲೆ ಮಾತ್ರ.

ಒಂದು ಬೆಳಿಗ್ಗೆ ಪ್ರವಾಸಿ ಹೆಂಗಸೊಬ್ಬಳು ಕಲ್ಲು ಹೊತ್ತು ದಡಕ್ಕೆ ಹೊರಟಿದ್ದಳು. ಸಿಟ್ಟಿನಲ್ಲಿ ದೊಡ್ಡತ್ತೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು: "ತಾಯೀ, ಅಲ್ಲಲ್ಲ! ಈ ಸಂದಲ್ಲಿ ಇಡಿ. ಮನಸ್ಸಲ್ಲಿ ಏನಾದ್ರೂ ಬೇಡ್ಕೊಂಡು ಇಟ್ರೆ ಆಗುತ್ತೆ. ನಮ್ಮ ಹಿರಿಯರ ಕಾಲದಿಂದ್ಲೂ ಹಾಗೇ."

ಹೇಳಿ ನಾಲಿಗೆ ಕಚ್ಚಿಕೊಂಡಳು. ಹಿರಿಯರು ಅಂಥದ್ದೇನೂ ಹೇಳಿರಲಿಲ್ಲ. ಆದರೆ ಆ ಹೆಂಗಸು ಕಣ್ಣು ಮುಚ್ಚಿ ಕಲ್ಲಿಟ್ಟಳು, ಹಿಂದೆಯೇ ಅವಳ ಗಂಡ, ಅವನ ಹಿಂದೆ ಇಡೀ ದೋಣಿ. ಕೆಲವೇ ದಿನಗಳಲ್ಲಿ ಗೋಡೆಯ ಸಂದು ತುಂಬಿತು. ತಮ್ಮನ ಮಗ ತಲೆ ಕೆರೆದುಕೊಂಡು ಮುಖ ಆ ಕಡೆ ತಿರುಗಿಸಿದ. ನೀರು ಏರಿತು, ಇಳಿಯಿತು, ಕಟ್ಟೆಯ ತುಂಬ ಮೀನು. ಆ ವರ್ಷ ದೊಡ್ಡತ್ತೆ ನಗುವುದನ್ನು ಊರವರು ಕಣ್ಣಾರೆ ಕಂಡರು.

ನಗು ಬಹಳ ದಿನ ಬಾಳಲಿಲ್ಲ. ತಮ್ಮನ ಮಗ ಪ್ರತಿ ದೋಣಿಗೂ ಹಿರಿಯರ ನಂಬಿಕೆಯ ಕಥೆ ಹೇಳತೊಡಗಿದ. ಇಲಾಖೆಯವರು 'ಅಪರಾಧ' ಎಂಬ ಸಾಲಿನ ಮೇಲೆ ಬಣ್ಣ ಬಳಿದು 'ಕೋರಿಕೆಯ ಗೋಡೆ' ಎಂದು ಬರೆಸಿದರು. ಜನ ಕಂಡ ಕಂಡ ಸಂದಿಗೆಲ್ಲ ಕಲ್ಲು ತುರುಕಿದರು. ಮರಿಗಳ ಕಂಡಿಯನ್ನೂ ಬಿಡಲಿಲ್ಲ. ದೊಡ್ಡತ್ತೆ ತೆಗೆದಂತೆಲ್ಲ ಅವರು ತುರುಕಿದರು.

ಮುಂದಿನ ಸಲ ನೀರು ಇಳಿದಾಗ ಒಳಗೆ ಸಿಕ್ಕಿಬಿದ್ದ ಮರಿಗಳು ಬಿಳಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ದೊಡ್ಡತ್ತೆ ಓಡಿಬಂದು ಕಂಡಿಗೆ ಕೈ ಹಾಕಿದಳು. ಪ್ರವಾಸಿಯೊಬ್ಬ ಅವಳ ಕೈ ಹಿಡಿದ.

"ಅಜ್ಜಿ, ಏನ್ ಮಾಡ್ತಿದೀರ? ಅದು ನನ್ನ ಮಗಳ ಹೆಸರಲ್ಲಿ ಇಟ್ಟ ಕಲ್ಲು. ಇಂಥ ಜಾಗದ ಬೆಲೆ ನಿಮಗೆ ಗೊತ್ತಿಲ್ವಾ?"

ತಮ್ಮನ ಮಗ ಏದುಸಿರು ಬಿಡುತ್ತ ಬಂದ. "ಬಿಟ್ಬಿಡಿ ಅತ್ತೆ, ಅವರು ದೂರು ಕೊಡ್ತಾರೆ. ಹಿರಿಯರ ಪದ್ಧತಿ ಅಂತ ನೀವೇ ಹೇಳಿದ್ದಲ್ವಾ?"

ದೊಡ್ಡತ್ತೆ ಕಂಡಿಯಿಂದ ಕೈ ತೆಗೆದಳು. ಹಾಗೇ ನೀರಿನಲ್ಲಿ ಕುಕ್ಕರಿಸಿ, ಇನ್ನೂ ಮಿಸುಕುತ್ತಿದ್ದ ಮರಿಗಳನ್ನು ಬೊಗಸೆಯಲ್ಲಿ ಎತ್ತಿ ಗೋಡೆಯಾಚೆ ಬಿಡತೊಡಗಿದಳು. ಜನ ಸುತ್ತ ಸೇರಿ ಫೋಟೊ ತೆಗೆದರು. ಒಬ್ಬಳು ಚಪ್ಪಲಿ ಬಿಟ್ಟು ನೀರಿಗಿಳಿದು, ಅವಳ ಪಕ್ಕದಲ್ಲಿ ಬೊಗಸೆ ಹಿಡಿದು ಕೂತಳು.

"ಅಜ್ಜಿ, ಇದಕ್ಕೆ ಏನು ಬೇಡ್ಕೋಬೇಕು?"

ಈ ಸಲ ದೊಡ್ಡತ್ತೆ ಬಾಯಿ ಬಿಡಲಿಲ್ಲ.